ಹೊಂಡ ಕಾಯುವ ಅಕ್ಕೋರು

ಕುಮಟಾ ಸಂತೆಯಲ್ಲಿ ಒಣಸಿಗಡಿ ರಾಶಿ ಹಾಕಿ ಕುಳಿತವರ ಸಾಲಿಗೆ ಬಂದರೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಒಂದು ಹೊಂಡ ನೆನಪಾಗುತ್ತದೆ. ಕೆಂಪು ಮಣ್ಣಿನ ಚೌಕ ಹೊಂಡ, ಅದರ ಬದಿಯಲ್ಲಿ ಒಂದು ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಛತ್ರಿ ಹಿಡಿದ ನಾನು. ಆ ವರ್ಷ ಶಿವರಾತ್ರಿ ಕಳೆದ ಮೇಲಿಂದ ಮಳೆ ಹಿಡಿಯುವವರೆಗೆ ನನ್ನ ಉದ್ಯೋಗ ಅಷ್ಟೇ. ಭಟ್ಕಳದಲ್ಲಿ ಹೊಂಡ ನೋಡುವುದು. ಸುಮ್ಮನೆ ನೋಡುವುದಲ್ಲ ಮತ್ತೆ, ಸಂಬಳಕ್ಕೆ ನೋಡುವುದು!

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ಧಾರವಾಡದಲ್ಲಿ ಅಷ್ಟು ವರ್ಷ ಓದಿ ಹೊಂಡ ನೋಡೂಕೆ ಹೋಗ್ತೆ? ನಮ್ಮ ಹಿತ್ಲಲ್ಲೇ ಒಂದು ತೋಡ್ಸಿ ಕೊಡ್ತೆ, ನೋಡ್ತಾ ಕೂತ್ಕೋ. ಬಸ್ಸಿನ ದುಡ್ಡಾದ್ರೂ ಉಳೀತದೆ" ಎಂದು ದಿನಾ ಬೆಳಿಗ್ಗೆ ಡಬ್ಬಿ ಕಟ್ಟುವಾಗ ಹೇಳುತ್ತಿದ್ದಳು. ನಾನು ಎಷ್ಟೋ ಸಲ ವಿವರಿಸಿದ್ದೆ. ಭಟ್ಕಳದ ಹಳೇ ಪೇಟೆ ಅಂದರೆ ಒಂದು ಕಾಲಕ್ಕೆ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿದ ಊರು, ಅಲ್ಲಿ ತೆಂಗಿನ ಸಸಿ ನೆಡಲು ತೋಡಿದರೂ ಹಳೆಯ ಕಾಲದ್ದು ಏನಾದರೂ ಸಿಗಬಹುದು, ಕಲ್ಲಿನ ಗುಡಿಗಳ ಪಕ್ಕ ಮನೆ ಕಟ್ಟುವವರಿಗೆ ಅನುಮತಿ ಕೊಡುವಾಗ ಒಂದು ಷರತ್ತು ಹಾಕುತ್ತಾರೆ, ಅಗೆಯುವಾಗ ನಮ್ಮ ಪುರಾತತ್ವ ಇಲಾಖೆಯವರೊಬ್ಬರು ಎದುರಿಗೆ ಇರಬೇಕು, ಹಳೆಯದು ಕಂಡರೆ ಕೆಲಸ ನಿಲ್ಲಿಸಬೇಕು, ಧಾರವಾಡದಿಂದ ಸಾಹೇಬರು ಬಂದು ನೋಡಿ ಬಿಡುವವರೆಗೆ ಯಾರೂ ಮುಟ್ಟಬಾರದು. ಆಯಿ ಎಲ್ಲ ಕೇಳಿ, "ಹೌದೌದು, ಹೊಂಡ ನೋಡೂದೇ ಅಲ್ದಾ?" ಅನ್ನುತ್ತಿದ್ದಳು.

ನಾನು ಕಾಯಬೇಕಾದ ಹೊಂಡಗಳು ದುರ್ಗಕ್ಕನವು. ದುರ್ಗಕ್ಕ ಮೀನು ಮಾರುವವಳು. ಬೆಳಿಗ್ಗೆ ಬೋಟು ನಿಲ್ಲುವ ದಕ್ಕೆಗೆ ಹೋಗಿ ಮೀನು ಕೊಂಡು ತಂದು, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ, ಉಳಿದದ್ದನ್ನು ಒಣಹಾಕಿ, ಆಮೇಲೆ ಊರಿನ ಸುದ್ದಿಗೆ ಕೂರುವ ಹೆಂಗಸು. ಗಂಡ ಮಂಜಣ್ಣ ಬೋಟಿಗೆ ಹೋಗುತ್ತಿದ್ದ. ಹಳೇ ಗುಡಿಯ ಹಿಂದೆ ಇದ್ದ ಅವರ ಮನೆ ಅದರ ಹಿಂದಿನ ಮಳೆಗಾಲದಲ್ಲಿ ಅರ್ಧ ಕುಸಿದಿತ್ತು. ಗಂಡ ಹೆಂಡತಿ ಇಬ್ಬರೂ ಹೊನ್ನಾವರದ ನಾದಿನಿ ಮನೆಯಲ್ಲಿ ಮಳೆಗಾಲ ಕಳೆದಿದ್ದರು. ಆ ನಾಲ್ಕು ತಿಂಗಳ ಕಥೆಯನ್ನು ದುರ್ಗಕ್ಕ ಮೊದಲ ದಿನವೇ ನನಗೆ ಒಪ್ಪಿಸಿದಳು. ನಾದಿನಿ ಸಾರಿಗೆ ಹಾಕಿದ ಮೀನಿನ ಹೋಳು ಎಣಿಸುತ್ತಿದ್ದಳಂತೆ. ಬಚ್ಚಲಿಗೆ ಹೋದರೆ ನೀರು ಎಷ್ಟು ಸುರಿದಳು ಎಂದು ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳಂತೆ. ಹೊರಡುವ ದಿನ ದುರ್ಗಕ್ಕ ಹೊಸಿಲಲ್ಲಿ ನಿಂತು, "ಇನ್ನೊಂದು ಸಲ ಈ ಹೊಸಿಲು ತುಳಿದ್ರೆ ನನ್ನ ಹೆಸ್ರು ದುರ್ಗಿ ಅಲ್ಲ" ಎಂದು ಕೇರಿಗೆಲ್ಲ ಕೇಳುವ ಹಾಗೆ ಹೇಳಿ ಬಂದಿದ್ದಳು.

ಆದ್ದರಿಂದ ವಿಷಯ ಸರಳವಾಗಿತ್ತು. ಮಳೆ ಬರುವುದರೊಳಗೆ ಸ್ಲ್ಯಾಬ್ ಬೀಳಬೇಕು. ಬೀಳದಿದ್ದರೆ ನಾದಿನಿಯ ಹೊಸಿಲು.

"ಅಕ್ಕೋರೆ, ಸೀದಾ ಹೇಳ್ತೆ" ಎಂದಳು ನನಗೆ ಮೊದಲ ಲೋಟ ಚಾ ಕೊಡುತ್ತ. ನಮ್ಮ ಕಡೆ ಓದಿದ ಹೆಂಗಸರೆಲ್ಲ ಅಕ್ಕೋರೇ, ಶಾಲೆಯಲ್ಲಿ ಕಲಿಸಲಿ ಬಿಡಲಿ. "ನೀವು ಕುಂತ್ಕಳಿ, ಚಾ ಕುಡೀರಿ, ನಮ್ಮಲ್ಲೇ ಉಣ್ಣಿ. ಆದ್ರೆ ಎಂತದನ್ನೂ ಕಾಣೂಕಾಗ. ಆತಾ?"

ನಾನು ಲೋಟ ನೋಡುತ್ತ ಚಾ ಕುಡಿದೆ. ಯಾಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನನ್ನದು ಮಳೆಗಾಲಕ್ಕೆ ಮುಗಿಯುವ ಗುತ್ತಿಗೆ ಕೆಲಸ. ಏನಾದರೂ ಒಳ್ಳೆಯದು ಸಿಕ್ಕಿದರೆ ಮುಂದೆ ಕೆಲಸ, ಇಲ್ಲದಿದ್ದರೆ ಆಯಿಯ ಹಿತ್ತಲ ಹೊಂಡ. ನನ್ನ ಜೊತೆ ಓದಿದವರು ಎಲ್ಲೆಲ್ಲಿಯೋ ಶಾಸನ, ನಾಣ್ಯ ಹಿಡಿದುಕೊಂಡು ಫೋಟೋ ಹಾಕುತ್ತಿದ್ದರು. ನನಗೆ ಆವರೆಗೆ ಸಿಕ್ಕಿದ್ದು ಒಂದು ಬಾಚಣಿಗೆ.

ದುರ್ಗಕ್ಕ ದಿನಾ ಹೊಂಡದ ಮೂಲೆಯಲ್ಲಿ ಊದುಬತ್ತಿ ಸಿಕ್ಕಿಸಿ ಗಟ್ಟಿಯಾಗಿ, "ತಾಯೀ, ಎಂತದೂ ಸಿಗ್ದಂಗೆ ಮಾಡು" ಎನ್ನುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ನಾನು ಕಣ್ಣು ಮುಚ್ಚಿ, "ತಾಯೀ, ಏನಾದರೂ ಸಿಗಲಿ" ಎನ್ನುತ್ತಿದ್ದೆ. ಊದುಬತ್ತಿ ಒಂದೇ, ತಾಯಿಯೂ ಒಬ್ಬಳೇ. ಆಕೆಯಾದರೂ ಎಂತ ಮಾಡಬೇಕು ಹೇಳಿ!

ದುರ್ಗಕ್ಕನ ಮನೆ ಕಟ್ಟುವ ಗಣಪ ಮೇಸ್ತ್ರಿ ಹೊನ್ನಾವರದವನು. ನಾನು ಕುಮಟಾದಲ್ಲಿ ಹಿಡಿದ ಬಸ್ಸಿಗೇ ಹೊನ್ನಾವರದಲ್ಲಿ ಹತ್ತುತ್ತಿದ್ದ. ಹತ್ತಿದವನು ಶರಾವತಿ ಸೇತುವೆ ದಾಟುವುದರೊಳಗೆ ಕಂಡಕ್ಟರಿನಿಂದ ಹಿಡಿದು ಹಿಂದಿನ ಸೀಟಿನವರೆಗೆ ಎಲ್ಲರಿಗೂ ನನ್ನ ಪರಿಚಯ ಮಾಡಿಸುತ್ತಿದ್ದ. "ಇವ್ರು ಹೊಂಡ ಕಾಯೂ ಅಕ್ಕೋರು. ನಾವು ತೋಡ್ತ್ವು, ಇವ್ರು ನೋಡ್ತ್ರು." ಒಂದು ತಿಂಗಳಲ್ಲಿ ಆ ಬಸ್ಸಿನ ಖಾಯಂ ಗಿರಾಕಿಗಳೆಲ್ಲ, "ಎಂತಾರೂ ಸಿಕ್ತಾ ಅಕ್ಕೋರೆ?" ಎಂದು ಕೇಳುವ ಹಾಗಾಯಿತು. ಮುರುಡೇಶ್ವರದಲ್ಲಿ ಇಳಿಯುವ ಅಜ್ಜ ಒಬ್ಬರು ಮಾತ್ರ ಗುಟ್ಟಾಗಿ, "ಬಂಗಾರ ಸಿಕ್ಕಿದ್ರೆ ಯಾರಿಗೂ ಹೇಳ್ಬೇಡ ಮಗಾ" ಎನ್ನುತ್ತಿದ್ದರು.

ಮೊದಮೊದಲು ಮೇಸ್ತ್ರಿ ಮಡಕೆ ಚೂರು ಕಂಡರೆ ನಾನು ನೋಡುವ ಮೊದಲೇ ಗೋಡೆಯಾಚೆ ಎಸೆಯುತ್ತಿದ್ದ. ನಾನು ಎದ್ದು ಹೋಗಿ ಹೆಕ್ಕಿ ತರುತ್ತಿದ್ದೆ. ಒಂದು ದಿನ ಸಿಟ್ಟು ಬಂದು ಚೆನ್ನಾಗಿ ಬೈದೆ. ಆಮೇಲೆ ಶುರುವಾಯಿತು ನೋಡಿ ಅವನ ಸೇಡು. ಎಂತ ಕಂಡರೂ ಪಿಕಾಸಿ ಕೆಳಗಿಟ್ಟು, "ಅಕ್ಕೋರೇ, ಇತಿಹಾಸ!" ಎಂದು ಕೂಗುತ್ತಿದ್ದ. ಓಡಿ ಹೋದರೆ ಹೆಂಚಿನ ಚೂರು. ಇನ್ನೊಮ್ಮೆ ಓಡಿ ಹೋದರೆ ರೇಡಿಯೋದ ಸೆಲ್ಲು. ನಾನು ಓಡುವುದನ್ನು ನೋಡಲು ಪಕ್ಕದ ಮನೆಯ ಹೆಂಗಸರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ನನಗೂ ಹಠ, ಪ್ರತೀ ಸಲವೂ ಓಡಿದೆ.

ಏಪ್ರಿಲ್ ಹೊತ್ತಿಗೆ ಒಮ್ಮೆ ನಿಜಕ್ಕೂ ಏನೋ ಸಿಕ್ಕ ಹಾಗಾಯಿತು. ಆಳದಲ್ಲಿ ಒಂದು ಜಾಡಿ, ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮೇಣ ಮೆತ್ತಿತ್ತು. ಕೆಲಸ ನಿಲ್ಲಿಸಿದೆ. ಮಟಮಟ ಮಧ್ಯಾಹ್ನ ಹೊಂಡಕ್ಕಿಳಿದು, ಕುಂಚದಿಂದ ಮಣ್ಣು ಗುಡಿಸಿ, ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಮೇಲೆ ದುರ್ಗಕ್ಕ ತಲೆಗೆ ಕೈ ಹೊತ್ತು ಕುಳಿತಿದ್ದಳು. ಸಂಜೆ ಮೇಣ ಬಿಡಿಸಿದರೆ ಒಳಗಿದ್ದದ್ದು ಬಾಟ್ಲಿ. ಬಾಟ್ಲಿಯಲ್ಲಿದ್ದದ್ದು ಎಂತದೆಂದು ಮೂಸಿದ ಕೂಡಲೇ ಮೇಸ್ತ್ರಿಗೆ ಗೊತ್ತಾಯಿತು. ದುರ್ಗಕ್ಕನ ಮಾವ, ಕುಡಿಯುವುದು ಬಿಟ್ಟೆ ಎಂದು ಅಮ್ಮನವರ ಮುಂದೆ ಆಣೆ ಹಾಕಿ ಊರಿಗೆಲ್ಲ ಬುದ್ಧಿ ಹೇಳುತ್ತ ಸತ್ತ ಮನುಷ್ಯ, ಹಿತ್ತಲಲ್ಲಿ ಅಷ್ಟು ಆಳದಲ್ಲಿ ಹುಗಿದಿಟ್ಟಿದ್ದ.

"ಅದ್ಕೇ ಮುದುಕ ಸಂಜೆ ಆಯ್ತು ಅಂದ್ರೆ ತೆಂಗಿನ ಬುಡಕ್ಕೆ ಗೊಬ್ಬರ ಹಾಕ್ತೆ ಅಂತ ಗುದ್ಲಿ ಹಿಡ್ಕಂಡ್ ಹೋಗೂದು!" ಎಂದಳು ದುರ್ಗಕ್ಕ. ಸಿಟ್ಟೋ ನಗುವೋ ಗೊತ್ತಾಗದ ಹಾಗೆ ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ದಿನದಿಂದ ನನ್ನನ್ನು 'ನೀವು' ಎನ್ನುವುದು ಬಿಟ್ಟಳು. ಮನೆಯ ಗುಟ್ಟು ತಿಳಿದವಳಿಗೆ ಎಂತ ಬಹುವಚನ?

ಮೇ ಬಂತು. ಸೆಕೆ ಎಂದರೆ ಕುರ್ಚಿಯ ಪ್ಲಾಸ್ಟಿಕ್ಕು ಸೀರೆಗೆ ಅಂಟಿಕೊಳ್ಳುವ ಸೆಕೆ. ಚಿರೆಕಲ್ಲಿನ ಗೋಡೆಗಳು ಎದ್ದವು, ಕಂಬಗಳು ಎದ್ದವು. ಉಳಿದದ್ದು ಅಡಿಗೆಮನೆಯ ಮೂಲೆಯ ಒಂದೇ ಕಂಬ. ಅದನ್ನು ಕೊನೆಗೆ ಬಿಟ್ಟದ್ದು ಯಾಕೆಂದರೆ ಆ ಮೂಲೆಯಲ್ಲಿ ಅವರ ತಗಡಿನ ಗುಡಿಸಲಿತ್ತು. ದುರ್ಗಕ್ಕ ಅಲ್ಲೇ ಒಲೆ ಹೂಡಿದ್ದಳು. ನನಗೆ ಮೂರು ತಿಂಗಳು ಚಾ, ತಾರ್ಲೆ ಮೀನಿನ ಸಾರು, ಒಣಸಿಗಡಿ ಚಟ್ನಿ ಬಂದದ್ದು ಅದೇ ಒಲೆಯಿಂದ. ಗುಡಿಸಲು ಕಿತ್ತು, ಪಾತ್ರೆ ಪಡಗ, ಹಾಸಿಗೆ ಎಲ್ಲ ಇನ್ನೂ ಸೂರಿಲ್ಲದ ಹೊಸ ಮನೆಯೊಳಗೆ ರಾಶಿ ಹಾಕಿ, ಒಲೆಯ ಜಾಗದಲ್ಲಿ ಅಗೆಯತೊಡಗಿದರು.

ಹಾರೆ ಠಣ್ ಎಂದಿತು. ಮೇಸ್ತ್ರಿ ಈ ಸಲ ಇತಿಹಾಸ ಎಂದು ಕೂಗಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದ.

ಉದ್ದನೆಯ ಕರಿಕಲ್ಲು. ಅಂಚು ಕೆತ್ತಿ ನೇರ ಮಾಡಿದ್ದು ಕಾಣುತ್ತಿತ್ತು. ಬೋರಲಾಗಿ ಬಿದ್ದಿತ್ತು, ಮೇಲೆ ಕಾಣುವುದು ಬೆನ್ನು ಮಾತ್ರ. ನಾನು ಧಾರವಾಡಕ್ಕೆ ಫೋನ್ ಮಾಡಿದೆ. "ಮುಟ್ಟಬೇಡ್ರಿ, ಯಾರಿಗೂ ಮುಟ್ಟಗೊಡಬೇಡ್ರಿ. ಮೀಟಿಂಗ್ ಮುಗಿಸಿ ನಾನ ಬರ್ತೀನಿ" ಎಂದರು ಸಾಹೇಬರು. ಯಾವಾಗ ಎಂದು ಕೇಳುವುದರೊಳಗೆ ಫೋನ್ ಇಟ್ಟಿದ್ದರು.

ಮೇಸ್ತ್ರಿಗೆ ಧಾರವಾಡದ ಹೆದರಿಕೆ ಇರಲಿಲ್ಲ, ನಾಗನ ಹೆದರಿಕೆ ಇತ್ತು. ನಾಗರಕಲ್ಲಾಗಿದ್ದರೆ ಕೇಳದೆ ಎತ್ತಿದವನ ಗತಿ ಮುಗಿಯಿತು. "ಅಮ್ಮನವರ ಹತ್ರ ಪ್ರಸಾದ ಕೇಳೂದು. ಬಲಕ್ಕೆ ಬಿದ್ರೆ ಎತ್ತೂದು, ಎಡಕ್ಕೆ ಬಿದ್ರೆ ನಾ ಹೊನ್ನಾವರಕ್ಕೆ ಹೋಗೂದು" ಎಂದ. ಮೂರ್ತಿಗೆ ಹಸಿ ಹೂವಿನೆಸಳು ಅಂಟಿಸಿ, ಮನಸ್ಸಿನಲ್ಲಿ ಬೇಡಿಕೊಂಡು ಕಾಯುವುದು ನಮ್ಮ ಕಡೆಯ ಪದ್ಧತಿ. ಬಲಗಡೆಯದು ಉದುರಿದರೆ ಹೌದು, ಎಡಗಡೆಯದು ಉದುರಿದರೆ ಅಲ್ಲ. ಮದುವೆಯಿಂದ ಹಿಡಿದು ಬಾವಿ ತೋಡುವವರೆಗೆ ಎಲ್ಲ ತೀರ್ಮಾನವಾಗುವುದು ಹಾಗೇ.

ಹೊರಡುವ ಹೊತ್ತಿಗೆ ದುರ್ಗಕ್ಕನಿಗೆ ಫೋನ್ ಬಂತು. ನಾದಿನಿ. ಹೊನ್ನಾವರಕ್ಕೆ ಸುದ್ದಿ ಅದು ಹೇಗೆ ಅಷ್ಟು ಬೇಗ ಮುಟ್ಟಿತೋ! ಆಚೆಯ ದನಿ ನನಗೂ ಕೇಳುತ್ತಿತ್ತು. "ಮನೆ ಕೆಲ್ಸ ನಿಂತದ್ಯಂತೆ? ಬಾ, ಖೋಲಿ ಖಾಲಿ ಅದೆ. ನಾ ಎಂತ ಮನ್ಸಲ್ಲಿ ಇಟ್ಕಣೂದಿಲ್ಲ." ದುರ್ಗಕ್ಕ ಫೋನ್ ಸೊಂಟಕ್ಕೆ ಸಿಕ್ಕಿಸಿ, ರಾಶಿ ಹಾಕಿದ ಹಾಸಿಗೆಯ ಮೇಲೆ ತಾಡಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಇಟ್ಟಳು. ಆಮೇಲೆ ಗುಡಿಗೆ ಎಲ್ಲರಿಗಿಂತ ಮುಂದೆ ನಡೆದಳು. ನಾನು ಆ ತಾಡಪಾಲನ್ನೇ ತಿರುತಿರುಗಿ ನೋಡುತ್ತ ಹಿಂದೆ ನಡೆದೆ.

ಕಡಲ ದಂಡೆಯ ಅಮ್ಮನವರ ಗುಡಿಯಲ್ಲಿ ಪೂಜಾರಿ ಎಸಳು ಅಂಟಿಸಿ, "ಮನ್ಸಲ್ಲೇ ಬೇಡ್ಕಳಿ" ಎಂದು ಗಂಟೆ ಬಾರಿಸಿದ. ಎಲ್ಲರೂ ಕಣ್ಣು ಮುಚ್ಚಿದೆವು. ಗಾಳಿಯೇ ಇರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಮೇಸ್ತ್ರಿ, "ಬಲ! ಬಲ!" ಎಂದು ಕುಣಿದ. ಎಲ್ಲರಿಗೂ ಖುಷಿ. ಖುಷಿ ಗುಡಿಯ ಮೆಟ್ಟಿಲು ಇಳಿಯುವವರೆಗೆ ಮಾತ್ರ. ಅಲ್ಲಿ ಗೊತ್ತಾಯಿತು, ಮನೆಗೊಬ್ಬರು ಕೇಳುವ ಪ್ರಶ್ನೆಯನ್ನು ನಾವು ಆಳಿಗೊಂದರಂತೆ ಕೇಳಿಬಿಟ್ಟಿದ್ದೆವು. ಮೇಸ್ತ್ರಿ ಕೇಳಿದ್ದು, ನಾಗರಕಲ್ಲು ಅಲ್ಲ ತಾನೇ? ಮಂಜಣ್ಣ ಕೇಳಿದ್ದು, ಇವತ್ತೇ ಎತ್ತಬಹುದಾ? ದುರ್ಗಕ್ಕನನ್ನು ಎಂತ ಕೇಳಿದೆ ಎಂದರೆ, "ಹೆಂಗಸ್ರ ಹರಕೆ ನಿಮ್ಗೆ ಎಂತಕ್ಕೆ?" ಎಂದು ಗಂಡನ ಬಾಯಿ ಮುಚ್ಚಿಸಿದಳು. ನನ್ನನ್ನು ಕೇಳಿದರು. ನಾನೂ ಹೇಳಲಿಲ್ಲ. ಬಿದ್ದದ್ದು ಒಂದೇ ಎಸಳು, ಅದು ಯಾರ ಪ್ರಶ್ನೆಗೆ ಎಂದು ಪೂಜಾರಿಯನ್ನು ಕೇಳಿದರೆ ಆತ ಬಾಗಿಲು ಹಾಕಿಕೊಂಡು ಊಟಕ್ಕೆ ಹೊರಟಿದ್ದ.

ಮಂಜಣ್ಣ ಮಾತ್ರ ತನ್ನ ಪ್ರಶ್ನೆಗೇ ಉತ್ತರ ಬಂತೆಂದು ನಿರ್ಧರಿಸಿಬಿಟ್ಟ. ಸೀದಾ ಬಂದು ಹಾರೆ ಹಿಡಿದ. ನಾನು ಹೊಂಡಕ್ಕೆ ಇಳಿದು ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ.

"ಏಳಿ ಅಕ್ಕೋರೆ. ದೇವ್ರೇ ಹೌದು ಹೇಳಿ ಆತು."

"ದೇವ್ರದ್ದು ಆತು ಮಂಜಣ್ಣ. ಧಾರವಾಡದ್ದು ಆಗ್ಬೇಕಲ್ಲ."

"ದೇವ್ರಿಗಿಂತ ದೊಡ್ಡೋರಾ ಅವ್ರು?"

"ದೇವ್ರು ನನ್ನ ಕೆಲ್ಸ ತೆಗೆಯೂದಿಲ್ಲ. ಅವ್ರು ತೆಗೀತ್ರು."

ಮೇಸ್ತ್ರಿ ಹೋ ಎಂದು ನಕ್ಕ. ಮಂಜಣ್ಣ ಹಾರೆ ನೆಲಕ್ಕೆ ಕುಟ್ಟಿ ಬೀಡಿ ಹಚ್ಚಿದ. ದುರ್ಗಕ್ಕ ನನ್ನನ್ನು ಬೈದು ಎಬ್ಬಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗೆ ಹೋಗಿ ನನ್ನ ಛತ್ರಿ ತಂದು ಕೈಗಿಟ್ಟಳು. "ಬಿಸ್ಲು ಅದೆ, ಬಿಡಿಸ್ಕೋ" ಎಂದಳು. ಸ್ವಲ್ಪ ಹೊತ್ತಿಗೆ ಬಟ್ಟಲಲ್ಲಿ ಅನ್ನ, ಬಂಗಡೆ ಸಾರು ಬಂತು. ಮನೆ ಕೆಲಸ ನಿಲ್ಲಿಸಿದವಳಿಗೆ ಅನ್ನ ಹಾಕುತ್ತಾಳಲ್ಲ ಎಂದು ನಾಚಿಕೆಯಾಯಿತು. ಆದರೂ ಉಂಡೆ, ಬಂಗಡೆ ಚೆನ್ನಾಗಿತ್ತು.

ಸಾಹೇಬರ ಮೀಟಿಂಗು ಮುಗಿಯುವಷ್ಟರಲ್ಲಿ ಮೇ ತಿಂಗಳೇ ಮುಗಿಯಿತು. ದಿನಾ ಸಂಜೆ ಪಡುವಣ ಕಡಲ ಮೇಲೆ ಮೋಡ ಕಟ್ಟುತ್ತಿತ್ತು, ದಿನಾ ನಾನು ಫೋನ್ ಮಾಡುತ್ತಿದ್ದೆ, ದಿನಾ ನಾದಿನಿಯೂ ಫೋನ್ ಮಾಡುತ್ತಿದ್ದಳು. ಕೊನೆಗೆ ಜೂನ್ ಹಿಡಿದ ಮೇಲೆ ಸಾಹೇಬರು ಜೀಪಿನಿಂದ ಇಳಿದರು, ಸೆಕೆಗೆ ಅರ್ಧ ಕರಗಿ. ಅಷ್ಟರಲ್ಲಿ ಬೋಟುಗಳಿಗೆ ಮಳೆಗಾಲದ ರಜೆ ಬಿದ್ದಿತ್ತು. ಮಂಜಣ್ಣನ ಬೋಟಿನವರೆಲ್ಲ ದಂಡೆಯಲ್ಲಿ ಇಸ್ಪೀಟು ಆಡುತ್ತ ಕೂತಿದ್ದರು. ಮಂಜಣ್ಣ ಅವರನ್ನೆಲ್ಲ ದೋಣಿ ಎಳೆಯುವ ಹಗ್ಗ, ಮರದ ತುಂಡುಗಳ ಸಮೇತ ಕರೆತಂದ. ಕಲ್ಲಿಗೆ ಗೋಣಿ ಸುತ್ತಿ, ಹಗ್ಗ ಬಿಗಿದು, ಐಸಾ ಎಂದು ಎಳೆಯತೊಡಗಿದರು. ಸಾಹೇಬರು ಹೆದರಿ, "ನಿಧಾನ! ನಿಧಾನ!" ಎಂದು ಕೂಗಿದರು. ಇವರು ಅದನ್ನೂ ಪದಕ್ಕೆ ಸೇರಿಸಿಕೊಂಡು, "ನಿಧಾನಾ... ಐಸಾ! ಸಾಹೇಬ್ರೇ... ಐಸಾ!" ಎಂದು ಕಲ್ಲನ್ನು ದೋಣಿಯ ಹಾಗೆ ಮೇಲೆ ತಂದು ಮಗ್ಗುಲು ಮಾಡಿದರು.

ನಾನು ನೀರು ಹೊಯ್ದು ಮಣ್ಣು ತೊಳೆದೆ. ಮೊದಲು ಕಂಡದ್ದು ಹುಟ್ಟು, ಸಾಲಾಗಿ. ಆಮೇಲೆ ಹುಟ್ಟು ಹಾಕುವವರು. ಆಮೇಲೆ ಇಡೀ ದೋಣಿ, ಅದರ ನಡುವೆ ಕತ್ತಿ ಹಿಡಿದು ನಿಂತ ವೀರ. ಮೇಲಿನ ಸಾಲಿನಲ್ಲಿ ಅವನನ್ನು ಇಬ್ಬರು ಹೆಂಗಸರು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದರು. ಕಡಲ ಕಾಳಗದಲ್ಲಿ ಸತ್ತವನ ವೀರಗಲ್ಲು, ಕೆಳಗೆ ಸವೆದ ಎರಡು ಸಾಲು ಅಕ್ಷರ. ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ಸಾಹೇಬರು ಟೋಪಿ ತೆಗೆದು ನೆಲಕ್ಕೇ ಕೂತುಬಿಟ್ಟರು. ಬೋಟಿನವರಿಗೆ ಬೇರೆಯೇ ಜಗಳ ಶುರುವಾಗಿತ್ತು, ಕಲ್ಲಿನ ದೋಣಿಯಲ್ಲಿ ಹಿಂದೆ ಕೂತ ಹೊಟ್ಟೆಯವನು ಯಾರ ಮನೆಯ ಹಿರಿಯ ಎಂದು.

ದುರ್ಗಕ್ಕ ಬಗ್ಗಿ ವೀರನ ಮುಖ ಸೆರಗಿನಿಂದ ಒರೆಸಿದಳು. "ಎಷ್ಟು ಚಂದ ಇದ್ದಾನೆ ನೋಡು ಮಾರಾಯ್ತಿ! ಮೂರು ತಿಂಗ್ಳು ನನ್ನ ಒಲೆ ಕೆಳಗೇ ಇದ್ದ. ಒಂದ್ಸಲ ಮಾರ್ಚಲ್ಲೇ ಕೂಗೂಕಾಗಿಲ್ವಾ ಇವ್ನಿಗೆ?"

ಸಾಹೇಬರು ನಾಳೆ ನೋಡೋಣ ಎಂದು ಜೀಪು ಹತ್ತುವವರಿದ್ದರು. ನಾನು ಅಡ್ಡ ನಿಂತೆ. "ಸರ್, ಹೊಂಡದಲ್ಲಿ ಇನ್ನೇನೂ ಇಲ್ಲ ಅಂತ ಇವತ್ತೇ ನೋಡಿ, ಕಂಬಕ್ಕೆ ಇವತ್ತೇ ಒಪ್ಪಿಗೆ ಬರೆದುಕೊಡಿ. ಆಕಾಶ ನೋಡಿ ಸರ್" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು, ಕತ್ತಲಾಗುವುದರೊಳಗೆ ಬರೆದುಕೊಟ್ಟರು. ವೀರಗಲ್ಲು ಹಳೇ ಗುಡಿಯ ಅಂಗಳಕ್ಕೆ ಹೋಯಿತು.

ಕಂಬ ಎದ್ದು, ಕಬ್ಬಿಣ ಕಟ್ಟಿ ಸ್ಲ್ಯಾಬಿಗೆ ಸಿದ್ಧವಾಗುವ ಹೊತ್ತಿಗೆ ಮಳೆ ಹಿಡಿದೇ ಹಿಡಿಯಿತು. ನಡುವೆ ಒಂದು ದಿನ ಮಳೆ ಬಿಟ್ಟು ಹೊಳವಾಯಿತು. ಮೇಸ್ತ್ರಿ, "ಈಗಿಲ್ಲಾಂದ್ರೆ ಇಲ್ಲ" ಎಂದ. ಬೋಟಿನವರು ಬಲೆ ಮುಚ್ಚುವ ತಾಡಪಾಲುಗಳನ್ನೆಲ್ಲ ಹೊತ್ತು ತಂದರು. ಕಿಟಕಿಯಲ್ಲಿ ನಿಂತು ನನ್ನ ಓಟ ನೋಡುತ್ತಿದ್ದ ಹೆಂಗಸರು ಚಾದ ಹಂಡೆ ಕಳಿಸಿದರು. ನಾನು ಸೀರೆ ಎತ್ತಿಕಟ್ಟಿ ಕಾಂಕ್ರೀಟಿನ ಬಾಂಡ್ಲಿ ಹೊತ್ತೆ. ಕೊನೆಯ ಅಡಿಗೆಮನೆ ಮೂಲೆಗೆ ಕಾಂಕ್ರೀಟು ಸುರಿಯುವಾಗ ಮಳೆ ದಬದಬ ಬಿತ್ತು. ಬೋಟಿನವರು ಕಂಬಕ್ಕೊಬ್ಬರಂತೆ ನಿಂತು ತಾಡಪಾಲು ಹಿಡಿದರು, ಗಾಳಿ ಅದನ್ನು ಹಾಯಿಯ ಹಾಗೆ ಉಬ್ಬಿಸಿತು, ಮೇಸ್ತ್ರಿ ಮೊಣಕಾಲೂರಿ ಕೈ ಆಡಿಸುತ್ತಲೇ ಇದ್ದ. ಅಂತೂ ಸ್ಲ್ಯಾಬ್ ಬಿತ್ತು. ದುರ್ಗಕ್ಕ ನಾದಿನಿಗೆ ತಾನೇ ಫೋನ್ ಮಾಡಿ, "ನಿನ್ನ ಖೋಲಿ ಬಾಡಿಗೆಗೆ ಕೊಡು" ಎಂದಳು.

ಆ ಕಲ್ಲಿನಿಂದ ನನ್ನ ಕೆಲಸ ಮುಂದುವರಿಯಿತು. ಈಗಲೂ ಊರೂರು ಹೊಂಡ ನೋಡುತ್ತ ತಿರುಗುತ್ತಿದ್ದೇನೆ. ಮೊನ್ನೆ ಸಂತೆಯಲ್ಲಿ ಒಣಸಿಗಡಿ ವಾಸನೆ ಮೂಗಿಗೆ ಬಡಿದದ್ದೇ, ಕೈಚೀಲ ಹಿಡಿದುಕೊಂಡೇ ಭಟ್ಕಳದ ಬಸ್ಸು ಹತ್ತಿದೆ. ಜೋರು ಮಳೆ. ದುರ್ಗಕ್ಕ ಅಡಿಗೆಮನೆಯಲ್ಲೇ ಕೂರಿಸಿ ಚಾ ಕೊಟ್ಟಳು. ಮೂಲೆಯಲ್ಲಿ ಒಂದು ಬಕೆಟ್ ಇತ್ತು. ಮೇಲಿನಿಂದ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ಅದೇ ಮೂಲೆ, ಮಳೆ ಬಿದ್ದ ಕಾಂಕ್ರೀಟಿನ ಮೂಲೆ. ಡಾಂಬರು ಹಚ್ಚಿಸಿದರೂ, ಸಿಮೆಂಟು ಮೆತ್ತಿಸಿದರೂ ನಿಲ್ಲುವುದಿಲ್ಲವಂತೆ.

"ದುರ್ಗಕ್ಕಾ, ಈಗಾದ್ರೂ ಹೇಳು. ಆವತ್ತು ಪ್ರಸಾದ ಕೇಳುವಾಗ ಎಂತ ಬೇಡ್ಕೊಂಡೆ?"

"ಮೊದ್ಲು ನೀ ಹೇಳು."

ನಾನು ಹೇಳಿದೆ. ಮೂರು ತಿಂಗಳು ದಿನಾ ಏನಾದರೂ ಸಿಗಲಿ ಎಂದು ಬೇಡಿದವಳು ಆ ಹೊತ್ತಿಗೆ, ಬಲಕ್ಕೆ ಬೀಳಿಸು ತಾಯಿ, ಬರೀ ಕಲ್ಲಾಗಿರಲಿ, ಇವಳು ಆ ಹೊಸಿಲು ತುಳಿಯುವ ಹಾಗಾಗದಿರಲಿ ಎಂದು ಬೇಡಿದ್ದೆ.

ದುರ್ಗಕ್ಕ ನನ್ನನ್ನೇ ನೋಡಿದಳು. ಆಮೇಲೆ ಮಾವನ ಬಾಟ್ಲಿ ಸಿಕ್ಕ ದಿನದ ಹಾಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ನಗು ನಿಲ್ಲಲು ಹೊತ್ತು ಹಿಡಿಯಿತು.

"ಹಾಳಾದವ್ಳೇ! ನಾನು ಇದ್ರಲ್ಲಿ ಎಂತಾರೂ ಇರ್ಲಿ ಅಂತ ಬೇಡಿದ್ದೆ. ಆ ಹುಡ್ಗಿ ಬಿಸ್ಲಲ್ಲಿ ಕೂತು ಕೂತು ಕರಕಲಾಗದೆ, ಹೆಂಚಿನ ಚೂರಿಗೆಲ್ಲ ಓಡ್ತದೆ, ಅವ್ಳ ಕೈಗೆ ಒಂದು ಒಳ್ಳೇದು ಸಿಗ್ಲಿ ಅಂತ. ಹೇಗೂ ಕೆಲ್ಸ ನಿಂತಿತ್ತು. ಬರೀ ಕಲ್ಲಾಗಿದ್ರೆ ನನ್ನ ದಿನವೂ ಹಾಳು, ನಿನ್ನ ವರ್ಷವೂ ಹಾಳು."

 ಟಪ್ ಎಂದು ಬಕೆಟ್ಟಿಗೆ ಬೀಳುವುದೊಂದು ಕೇಳುತ್ತಿತ್ತು. ಅವಳ ಮಾಡು ಸೋರುತ್ತಿರುವುದು ನನ್ನ ಕೆಲಸಕ್ಕಾಗಿ ಮಳೆಯವರೆಗೆ ತಡವಾದದ್ದಕ್ಕೆ ಎಂದು ಹೇಳಹೊರಟವಳು ಚಾ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಅವಳಿಗೆ ಅದು ಗೊತ್ತಾಯಿತು ಅಂತ ಕಾಣುತ್ತದೆ. ಎದ್ದು ಬಕೆಟ್ ಹಿತ್ತಲಿಗೆ ಚೆಲ್ಲಿ ಬಂದು ಮತ್ತೆ ಅದೇ ಜಾಗಕ್ಕೆ ಸರಿಯಾಗಿ ಇಟ್ಟಳು.

"ಅಳ್ಬೇಡ ಮಾರಾಯ್ತಿ. ಸೋರಿದ್ರೆ ಸೋರ್ಲಿ, ನಾದಿನಿ ಮನೆ ಅಲ್ವಲ್ಲ" ಎಂದಳು. "ತಗೋ, ಚಾ ಆರ್ತದೆ."